ರಾಡಿಗೆ ಇಳಿಯುವ ಯೆಜ್ಡಿ

ಮೋಟೊಕ್ರಾಸ್ ಬೈಕಿಗೆ ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಹಿಂದೆ ಕೂರುವವರಿಗೆ ಸೀಟಿಲ್ಲ. ದಿಬ್ಬ, ತಗ್ಗು, ತಿರುವು, ಕೆಸರು ತುಂಬಿದ ಮಣ್ಣಿನ ಸುತ್ತಿನಲ್ಲಿ ಹತ್ತಾರು ಬೈಕುಗಳು ಒಟ್ಟಿಗೆ ಹೊರಟು ಪೈಪೋಟಿ ನಡೆಸುವ ಆಟ ಇದು. ಆ ಆಟಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕಳಚಿಟ್ಟ ಬೈಕು ಮೋಟೊಕ್ರಾಸ್ ಬೈಕು. ಫ್ರೆಂಚಿನ ‘ಮೋಟೊಸಿಕ್ಲೆಟ್’ಗೆ ‘ಕ್ರಾಸ್ ಕಂಟ್ರಿ’ ಸೇರಿ ಹುಟ್ಟಿದ ಹೆಸರಿದು. ಆಟ ಶುರುವಾದದ್ದು 1924ರಲ್ಲಿ, ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ; ಆಗ ಅದನ್ನು ‘ಸ್ಕ್ರ್ಯಾಂಬಲ್’ ಎನ್ನುತ್ತಿದ್ದರು. ವಿಶ್ವ ಚಾಂಪಿಯನ್‌ಷಿಪ್ ಬಂದದ್ದು 1957ರಲ್ಲಿ. ವಿಂಟೇಜ್ ಮೋಟೊಕ್ರಾಸ್ ಎಂದಾಗ ಸಾಮಾನ್ಯವಾಗಿ ಕಣ್ಣಮುಂದೆ ಬರುವುದು 1975ರ ಹಿಂದಿನ ಬೈಕುಗಳು: ಗಾಳಿಗೆ ತಣಿಯುವ ಎಂಜಿನ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್, ಎರಡೂ ಗಾಲಿಗೆ ಡ್ರಮ್ ಬ್ರೇಕ್.

ಆ ಕಾಲದ ದೊಡ್ಡ ಹೆಸರು ಜೆಕೊಸ್ಲೊವಾಕಿಯಾದ ಸ್ಟ್ರಾಕೊನಿತ್ಸೆ ಊರಿನ ‘ಚೀಝಡ್’ ಕಾರ್ಖಾನೆಯದು. ಬೆಲ್ಜಿಯಂನ ಜೋಯೆಲ್ ರೋಬೇರ್ 1964ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, 250 ಸಿಸಿ ವಿಶ್ವ ಪಟ್ಟ ಗೆದ್ದದ್ದು ಚೀಝಡ್ ಮೇಲೆ. ಮುಂದಿನ ವರ್ಷ ಅದೇ ಪಟ್ಟ ಸೋವಿಯತ್ ಒಕ್ಕೂಟದ ವಿಕ್ಟರ್ ಆರ್ಬೆಕೊವ್ ಪಾಲಾಯಿತು. ಬೈಕು ಮತ್ತೆ ಚೀಝಡ್. 500 ಸಿಸಿ ವಿಭಾಗದಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಮೂರು ವರ್ಷ ಸತತವಾಗಿ ಗೆದ್ದಾಗಲೂ ಬೈಕು ಅದೇ. ಈ ಚೀಝಡ್‌ನ ಒಡಹುಟ್ಟು ಪ್ರಾಗ್‌ನ ಜಾವಾ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ತನ್ನ ಕುಲನಾಮದ ಮೊದಲೆರಡು ರೋಮನ್ ಅಕ್ಷರವನ್ನು (JA) ಜರ್ಮನಿಯ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರಕ್ಕೆ (WA) ಕೂಡಿಸಿ ಕಟ್ಟಿದ ಹೆಸರು ಅದು.

ಕನ್ನಡ ನಾಡಿಗೂ ಈ ಮನೆತನಕ್ಕೂ ನಂಟು ಬೆಳೆದದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಅಲ್ಲಿ ಬೈಕು ತಯಾರಿಸತೊಡಗಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಇರಾನಿನ ಯಜ್ದ್ ಪಟ್ಟಣದ ನೆನಪಿನ ‘ಯೆಜ್ಡಿ’ ಬಂತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆದರೂ ಕರ್ನಾಟಕದಲ್ಲಿ ಹಳೆಯ ಬೈಕೊಂದನ್ನು ಮಣ್ಣಿನ ಓಟಕ್ಕೆ ಅಣಿಗೊಳಿಸಬೇಕೆಂದರೆ ಯೆಜ್ಡಿಯಷ್ಟು ಸಹಜವಾದ ಆಯ್ಕೆ ಮತ್ತೊಂದಿಲ್ಲ. ಬಿಡಿಭಾಗಗಳು ಮೈಸೂರಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇಂದಿಗೂ ಸಿಗುತ್ತವೆ. ಎಂಜಿನ್ನಿನ ಗುಟ್ಟು ಬಲ್ಲ ಮೇಸ್ತ್ರಿಗಳೂ ಇದ್ದಾರೆ. 2018ರಲ್ಲಿ ಮರಳಿ ಬಂದ ಜಾವಾ ಮತ್ತು 2022ರಲ್ಲಿ ಬಂದ ಯೆಜ್ಡಿ ಫೋರ್ ಸ್ಟ್ರೋಕ್ ಎಂಜಿನ್ನಿನವು. ಹೆಸರು ಒಂದೇ ಆದರೂ ಅವುಗಳ ಎಂಜಿನ್ ಭಾಗ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಕೂರುವುದಿಲ್ಲ.

ಯಾವ ಬೈಕನ್ನು ಬಿಚ್ಚಬೇಕು ಎನ್ನುವುದು ಮೊದಲ ತೀರ್ಮಾನ. ಟ್ಯಾಂಕ್, ಸೈಲೆನ್ಸರ್, ಮಡ್‌ಗಾರ್ಡ್ ಎಲ್ಲ ಮೂಲದ್ದೇ ಇರುವ, ಎಂಜಿನ್ ನಂಬರು ಆರ್‌ಸಿ ಪುಸ್ತಕಕ್ಕೆ ತಾಳೆಯಾಗುವ ಬೈಕನ್ನು ಕತ್ತರಿಸುವುದು ಅವಿವೇಕ. ಅಂಥದ್ದಕ್ಕೆ ಇಂದು ಒಳ್ಳೆಯ ಬೆಲೆಯಿದೆ, ಇನ್ನೊಂದು ಹುಟ್ಟುವುದೂ ಇಲ್ಲ. ಟ್ಯಾಂಕ್ ತೂತು ಬಿದ್ದು, ಸೀಟು ಕೊಳೆತು, ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಕೂರುವ ಸ್ಥಿತಿಗೆ ಬಂದ ಬೈಕೇ ಈ ಕೆಲಸಕ್ಕೆ ಸರಿ. ನೋಡಬೇಕಾದದ್ದು ಎರಡೇ. ಚಾಸಿ ನೆಟ್ಟಗಿರಬೇಕು, ಕ್ರ್ಯಾಂಕ್‌ಕೇಸ್ ಒಡೆದಿರಬಾರದು. ಉಳಿದುದೆಲ್ಲ ಹೇಗೂ ಬದಲಾಗುತ್ತದೆ.

ಎರಡನೆಯ ತೀರ್ಮಾನ ನೆಲದ್ದು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯನ್ನೇ ತೆಗೆದುಕೊಳ್ಳಬಹುದು. ಬಸವಣ್ಣನವರ ಪತ್ನಿ ನೀಲಮ್ಮನವರ ಐಕ್ಯಸ್ಥಳವೆಂದು, ಹಡಪದ ಅಪ್ಪಣ್ಣನವರ ಪೀಠವೆಂದು ಹೆಸರಾದ ಈ ಊರು ಕೃಷ್ಣೆಯ ದಂಡೆಯಲ್ಲಿದೆ. ಸುತ್ತಲಿನ ಸೀಮೆ ಎರಿ ಮಣ್ಣಿಗೆ ಹೆಸರಾದದ್ದು. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಅಗಲದ ಬಿರುಕು, ಅದರ ಮೇಲೆ ಹಿಟ್ಟಿನಂಥ ಧೂಳು. ಒಂದು ಹದ ಮಳೆ ಬಿತ್ತೆಂದರೆ ಅದೇ ನೆಲ ರಾಡಿ. ಆ ರಾಡಿ ಗಾಲಿಗೆ ಸುತ್ತುತ್ತದೆ, ಸುತ್ತಿದ್ದು ಮಡ್‌ಗಾರ್ಡಿನೊಳಗೆ ಗಟ್ಟಿಯಾಗುತ್ತದೆ, ಕೊನೆಗೆ ಗಾಲಿಯೇ ನಿಲ್ಲುತ್ತದೆ. ಚಕ್ಕಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಟೊಕ್ರಾಸ್ ಬೈಕಿನ ಮುಂದಿನ ಮಡ್‌ಗಾರ್ಡ್ ಗಾಲಿಯಿಂದ ಒಂದು ಗೇಣು ಮೇಲೆ ಕೊಕ್ಕಿನಂತೆ ಚಾಚಿಕೊಂಡಿರುವುದು ನೋಟದ ಚೆಂದಕ್ಕಲ್ಲ, ಈ ಮಣ್ಣಿಗೆ ದಾರಿ ಬಿಡುವುದಕ್ಕೆ. ಕೋಲಾರದ ಕಡೆಯ ಕೆಂಪು ಮಣ್ಣಿಗೆ ಹೊಂದಿಸಿದ ಬೈಕು ಎರಿ ಹೊಲದಲ್ಲಿ ಹಾಗೆಯೇ ಓಡುತ್ತದೆ ಎಂದುಕೊಳ್ಳುವಂತಿಲ್ಲ.

ಕೆಲಸಕ್ಕೆ ಕೈ ಹಾಕುವವರು ಮೊದಲು ಎಂಜಿನ್ ಬಿಚ್ಚುತ್ತಾರೆ. ಅದು ತಪ್ಪು ಕ್ರಮ. ಬೈಕು ಮಣ್ಣಿನಲ್ಲಿ ನೆಟ್ಟಗೆ ನಿಲ್ಲುವುದು, ತಿರುಗುವುದು, ಹಾರಿ ಇಳಿಯುವುದು ಎಲ್ಲ ಚಾಸಿ ಮತ್ತು ಸಸ್ಪೆನ್ಷನ್ನಿನ ಕೈಯಲ್ಲಿದೆ. ರೋಡ್‌ಕಿಂಗ್‌ನ ಸುಮಾರು 16 ಅಶ್ವಶಕ್ತಿ ಹೊಲದಲ್ಲಿ ಹೊಸಬನನ್ನು ಬೀಳಿಸುವುದಕ್ಕೆ ಧಾರಾಳವಾಗಿ ಸಾಕು. ಆದ್ದರಿಂದ ಚಾಸಿಯನ್ನು ಬರಿದು ಮಾಡಿ, ಬಣ್ಣ ಕೆರೆದು, ಬೆಸುಗೆಯ ಜಾಗಗಳಲ್ಲಿ ಬಿರುಕು ಇದೆಯೇ ಎಂದು ಹುಡುಕುವುದು ಮೊದಲ ಕೆಲಸ. ಹ್ಯಾಂಡಲ್ ಕೂರುವ ಕುತ್ತಿಗೆಯ ಕೆಳಗೆ, ಸ್ವಿಂಗ್ ಆರ್ಮ್ ತಿರುಗುವ ಕೀಲಿನ ಸುತ್ತ ತ್ರಿಕೋನಾಕಾರದ ತಗಡಿನ ಬಲ ಕೊಟ್ಟು ಬೆಸೆಯುತ್ತಾರೆ. ಬ್ಯಾಟರಿ ಪೆಟ್ಟಿಗೆ, ಟೂಲ್ ಬಾಕ್ಸ್, ಸೆಂಟರ್ ಸ್ಟ್ಯಾಂಡು, ಹಿಂದಿನ ಫುಟ್‌ರೆಸ್ಟುಗಳ ಕೊಕ್ಕೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಕೀಲಿಗೆ ಹೊಸ ಕಂಚಿನ ಬುಶ್ಶು ಲೇತ್‌ನಲ್ಲಿ ಕಡೆಸಿ ಹಾಕಬೇಕು. ಇಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಹಿಂದಿನ ಗಾಲಿಯಲ್ಲಿ ಅದು ಕೆಲವು ಮಿಲಿಮೀಟರಿನ ಓಲಾಟವಾಗುತ್ತದೆ.

ಮುಂದಿನ ಭಾಗದಲ್ಲಿ ಹೊಸ ಕಾಲದ ನೆರವು ದೊಡ್ಡದು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಬೈಕಿಗೆ 37 ಮಿಮೀ ದಪ್ಪದ, 190 ಮಿಮೀ ಇಳಿಯುವ ಫೋರ್ಕು, 21 ಇಂಚಿನ ಕಡ್ಡಿ ಗಾಲಿ, ಡಿಸ್ಕ್ ಬ್ರೇಕ್ ಇವೆ. ರಾಯಲ್ ಎನ್‌ಫೀಲ್ಡ್‌ನ 2016ರ ಹಿಮಾಲಯನ್‌ನದು 41 ಮಿಮೀ ಫೋರ್ಕು, ಓಟ, ಎಂದರೆ ಇಳಿದೇಳುವ ದೂರ, 200 ಮಿಮೀ. ಆದರೆ ಅದು ಯೆಜ್ಡಿಯ ತೆಳು ಮೈಗೆ ಭಾರ. ಎಕ್ಸ್‌ಪಲ್ಸ್‌ನದೇ ಹದ. ಫೋರ್ಕನ್ನು ಹಿಡಿದಿಡುವ ಮೇಲಿನ ಮತ್ತು ಕೆಳಗಿನ ಟೀ ಸಮೇತ ತಂದರೂ ಯೆಜ್ಡಿಯ ಕುತ್ತಿಗೆಯ ಉದ್ದ ಬೇರೆ, ಕೋನ್ ಸೆಟ್ಟಿನ ಅಳತೆ ಬೇರೆ. ಲೇತ್‌ನವನ ಬಳಿ ಹೊಸ ದಿಂಡು ಕಡೆಸಿ ಟೀಗೆ ಒತ್ತಿ ಕೂರಿಸಬೇಕಾಗುತ್ತದೆ. ಕೋನ್ ಸೆಟ್ಟಿನ ಗೋಲಿಗಳ ಬದಲು ಟೇಪರ್ ಬೇರಿಂಗ್ ಹಾಕಿದರೆ ಹಾರಿ ಇಳಿಯುವ ಪೆಟ್ಟಿಗೆ ತಾಳುತ್ತದೆ.

ಇಲ್ಲಿ ಒಂದು ಲೆಕ್ಕ ಬಿಟ್ಟರೆ ಬೈಕು ಕೆಟ್ಟಂತೆಯೇ. ಹೊಸ ಫೋರ್ಕು ಉದ್ದ, ಗಾಲಿ ದೊಡ್ಡದು, ಮೂತಿ ಮೇಲೇಳುತ್ತದೆ. ಎರಡು ಗಾಲಿಗಳ ನಡುವಿನ ಅಂತರ ಸುಮಾರು 1.3 ಮೀಟರ್. ಮೂತಿ 50 ಮಿಮೀ ಎದ್ದರೆ ಫೋರ್ಕಿನ ವಾಲು ಎರಡು ಡಿಗ್ರಿಗಿಂತ ತುಸು ಹೆಚ್ಚು ಹಿಂದಕ್ಕೆ ಹೋಗುತ್ತದೆ. ಎರಡು ಡಿಗ್ರಿ ಕಾಗದದ ಮೇಲೆ ಏನೂ ಅಲ್ಲ. ಮಣ್ಣಿನ ತಿರುವಿನಲ್ಲಿ ಅದೇ ಬೈಕು ಎತ್ತು ಮೊಂಡು ಹಿಡಿದ ಹಾಗೆ ಹೊರಕ್ಕೆ ಎಳೆಯುತ್ತದೆ. ಮೂತಿ ಎತ್ತಿದಷ್ಟು ಬಾಲವನ್ನೂ ಎತ್ತಬೇಕು. ಉಳಿದದ್ದನ್ನು ಫೋರ್ಕಿನ ಕೊಳವೆಗಳನ್ನು ಟೀಯೊಳಗೆ ಮೇಲಕ್ಕೆ ಜಾರಿಸಿ ಸರಿದೂಗಿಸಬೇಕು. ಅಮೆರಿಕದ ವಿಂಟೇಜ್ ಓಟಗಳ ಸಂಸ್ಥೆ ‘ಆರ್ಮಾ’ 1975ರ ಹಿಂದಿನ ಬೈಕುಗಳಿಗೆ ಮುಂದೆ ಏಳು ಇಂಚು, ಹಿಂದೆ ನಾಲ್ಕು ಇಂಚಿನ ಓಟದ ಮಿತಿ ಇಟ್ಟಿದೆ. ಎಂದರೆ ಸುಮಾರು 178 ಮತ್ತು 102 ಮಿಮೀ. ಇಲ್ಲಿ ಆ ನಿಯಮ ಯಾರನ್ನೂ ಕಟ್ಟಿಹಾಕುವುದಿಲ್ಲ, ಆದರೆ ಹಳೆಯ ಚಾಸಿ ತಾಳುವ ಮಿತಿ ಏನೆಂದು ಅದರಿಂದ ತಿಳಿಯುತ್ತದೆ. ಎಕ್ಸ್‌ಪಲ್ಸ್ ಫೋರ್ಕಿನೊಳಗೆ 12 ಮಿಮೀ ಎತ್ತರದ ಬಳೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ, ಮೂತಿಯೂ ಅಷ್ಟು ತಗ್ಗುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರುಗಳ ಕಥೆ ಇನ್ನೂ ಸೊಗಸು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಯಮಾಹಾದ ಒಂಟಿ ಶಾಕಿನ ಬೈಕಿನಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದ. ಅದರ ಮೂಲ ಕಲ್ಪನೆ ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರನದು. ಎರಡು ಶಾಕಿನವರು ಸುಮ್ಮನೆ ಕೂರಲಿಲ್ಲ. ಶಾಕುಗಳ ಕೆಳತುದಿಯನ್ನು ಗಾಲಿಯ ಆಕ್ಸಲಿನಿಂದ ಮುಂದಕ್ಕೆ ಸರಿಸಿ, ಮೈಯನ್ನು ವಾಲಿಸಿ, ಅದೇ ಶಾಕಿನಿಂದ ಹೆಚ್ಚು ಓಟ ತೆಗೆದರು. ಯೆಜ್ಡಿಗೆ ಈ ಉಪಾಯವೇ ಸಾಕು. ಒಂಟಿ ಶಾಕಿಗಾಗಿ ಚಾಸಿಯನ್ನು ಅರ್ಧಕ್ಕೆ ಕತ್ತರಿಸಿದರೆ ಅದು ಯೆಜ್ಡಿಯಾಗಿ ಉಳಿಯುವುದೂ ಇಲ್ಲ, ಒಳ್ಳೆಯ ಹೊಸ ಬೈಕಾಗುವುದೂ ಇಲ್ಲ. ಸ್ವಿಂಗ್ ಆರ್ಮಿನ ಮುಕ್ಕಾಲು ಉದ್ದದ ಜಾಗದಲ್ಲಿ ಶಾಕಿನ ಕಾಲು ಊರಿದರೆ, 75 ಮಿಮೀ ಒತ್ತುವ ಶಾಕು ಗಾಲಿಗೆ ಸುಮಾರು 100 ಮಿಮೀ ಓಟ ಕೊಡುತ್ತದೆ. ಆದರೆ ಸನ್ನೆಕೋಲು ಕೊಟ್ಟದ್ದನ್ನು ಕಿತ್ತುಕೊಳ್ಳುತ್ತದೆ. ಗಾಲಿಯ ಬಳಿ ಸ್ಪ್ರಿಂಗಿನ ಬಿಗಿ ಮುಕ್ಕಾಲಿನ ವರ್ಗಕ್ಕೆ, ಎಂದರೆ ಶೇ 56ಕ್ಕೆ ಇಳಿಯುತ್ತದೆ. ಮೊದಲಿನ ಬಿಗಿ ಬೇಕೆಂದರೆ ಹೆಚ್ಚುಕಡಿಮೆ 1.8 ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಬೇಕು. ಇದು ತಿಳಿಯದೆ ಶಾಕು ಮಾತ್ರ ವಾಲಿಸಿದವರ ಬೈಕು ಮೊದಲ ದಿಬ್ಬಕ್ಕೇ ಕುಂಡಿ ಊರುತ್ತದೆ. ಸವಾರ ಕೂತಾಗ ಒಟ್ಟು ಓಟದ ಮೂರನೆಯ ಒಂದು ಭಾಗ ತಗ್ಗಬೇಕು ಎನ್ನುವುದು ಹೊಂದಾಣಿಕೆಯ ಸರಳ ಅಳತೆ. ಟೇಪು ಹಿಡಿದ ಒಬ್ಬ, ಬೈಕಿನ ಮೇಲೆ ಒಬ್ಬ ಇದ್ದರೆ ಐದು ನಿಮಿಷದ ಕೆಲಸ.

ಗಾಲಿಗಳ ವಿಷಯ ಚಿಕ್ಕದು. ಯೆಜ್ಡಿಯ ಹಿಂದಿನ 18 ಇಂಚಿನ ಅಳತೆಯೇ ಮೋಟೊಕ್ರಾಸಿನ ಹಳೆಯ ಅಳತೆ, ಅದನ್ನು ಉಳಿಸಿಕೊಳ್ಳಬಹುದು. ರಿಮ್ಮು ಮತ್ತು ಕಡ್ಡಿ ಹೊಸದಾಗಿರಲಿ. ಎರಿ ಮಣ್ಣಿಗೆ ಗಡ್ಡೆಗಳು ದೂರ ದೂರ ಇರುವ ಟೈರೇ ಬೇಕು, ಒತ್ತಾಗಿದ್ದರೆ ಅರ್ಧ ಸುತ್ತಿನಲ್ಲಿ ಟೈರು ನುಣ್ಣನೆಯ ಮಣ್ಣಿನ ಉರುಳೆಯಾಗುತ್ತದೆ. ಗಾಳಿ ರಸ್ತೆಯಲ್ಲಿ ಹಾಕುವುದರ ಅರ್ಧ, 12ರಿಂದ 14 ಪಿಎಸ್‌ಐ. ಅಷ್ಟು ಕಡಿಮೆ ಗಾಳಿಯಲ್ಲಿ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಮೂತಿ ಕಿತ್ತುಬರುವುದರಿಂದ ರಿಮ್ ಲಾಕ್ ಕಡ್ಡಾಯ. ಮುಂದೆ ಡಿಸ್ಕ್, ಹಿಂದೆ ಮೂಲ ಡ್ರಮ್ ಇದ್ದರೆ ಸಾಕು. ಡಿಸ್ಕಿನ ಜೊತೆ ಬಂದ ಎಬಿಎಸ್ ಪೆಟ್ಟಿಗೆ ಬೇಡ; ಅದಕ್ಕೆ ಬ್ಯಾಟರಿ ಬೇಕು, ಮಣ್ಣಿನಲ್ಲಿ ಅದರ ಉಪಯೋಗವೂ ಇಲ್ಲ. ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರಿಗೆ ನೇರ ಹೋಸ್ ಎಳೆಯುತ್ತಾರೆ. ಹಿಂದಿನ ಸ್ಪ್ರಾಕೆಟ್ಟಿಗೆ ಕೆಲವು ಹಲ್ಲು ಹೆಚ್ಚಿಸಿದರೆ ವೇಗ ಇಳಿದು ಎಳೆತ ಏರುತ್ತದೆ.

ಈಗ ಎಂಜಿನ್. ಬೋರು 65 ಮಿಮೀ, ಸ್ಟ್ರೋಕು 75 ಮಿಮೀ, ಒಟ್ಟು ಸುಮಾರು 249 ಸಿಸಿ. ಬೋರಿಗಿಂತ ಸ್ಟ್ರೋಕು ಉದ್ದವಾದ್ದರಿಂದ ಇದು ಕೆಳಗಿನ ಸುತ್ತಿನಲ್ಲೇ ಎಳೆಯುವ ಜಾತಿ. ನಿಮಿಷಕ್ಕೆ 6,000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್. ಅದರ ಮೇಲೆ ದುಡಿಸುವುದು ಹಳೆಯ ಕ್ರ್ಯಾಂಕಿಗೆ ಶಿಕ್ಷೆ. ಕ್ರ್ಯಾಂಕ್ ಬಿಚ್ಚಿಸಿ ಹೊಸ ಕನೆಕ್ಟಿಂಗ್ ರಾಡ್ ಕಿಟ್ಟು, ಹೊಸ ಬೇರಿಂಗು ಹಾಕಿಸಬೇಕು. ಬೋರು ಹಿಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಬೇಕು. ಇದಕ್ಕೆಲ್ಲ ಹೆಚ್ಚು ಮಾತು ಬೇಡ. ಮಾತು ಬೇಕಾದದ್ದು ಆಯಿಲ್ ಸೀಲಿಗೆ. ಟೂ ಸ್ಟ್ರೋಕ್ ಎಂಜಿನ್ ಕ್ರ್ಯಾಂಕ್‌ಕೇಸಿನ ಮೂಲಕವೇ ಉಸಿರಾಡುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ, ಅದನ್ನು ಎಲ್ಲರೂ ಗುರುತಿಸುತ್ತಾರೆ. ಡೈನಮೊ ಕಡೆಯ ಸೀಲು ಹೋದರೆ ಹೊಗೆಯಿಲ್ಲ, ಸದ್ದಿಲ್ಲ. ಗಾಳಿ ಕದ್ದು ನುಗ್ಗಿ ಮಿಶ್ರಣ ತೆಳುವಾಗಿ, ಎಂಜಿನ್ ಇದ್ದಕ್ಕಿದ್ದಂತೆ ಚುರುಕಾದ ಹಾಗೆ ಕಂಡು, ಐದು ನಿಮಿಷದಲ್ಲಿ ಪಿಸ್ಟನ್ ಜಾಮ್ ಆಗುತ್ತದೆ. ಎರಡೂ ಕಡೆ ವಿಟಾನ್ ರಬ್ಬರಿನ ಸೀಲು ಹಾಕುವುದು ಇಡೀ ಬೈಕಿನ ಅತಿ ಅಗ್ಗದ ಆಧುನೀಕರಣ. ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲಿನ ಪೆಟ್ರೋಲು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದರಿಂದ ಪೈಪು, ಕಾಕ್ ವಾಷರು, ಕಾರ್ಬೊರೇಟರಿನ ಓ-ರಿಂಗಿಗೂ ಇದೇ ಮಾತು. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬಾರದು.

ಕಿಡಿಯ ವ್ಯವಸ್ಥೆಯಲ್ಲಿ ಪಾಯಿಂಟು, ಕಂಡೆನ್ಸರನ್ನು ಬಿಟ್ಟು ಬ್ಯಾಟರಿ ಇಲ್ಲದೆ ತಾನೇ ಕರೆಂಟು ಹುಟ್ಟಿಸುವ ಸಿಡಿಐ ಹಾಕುವುದು ಎರಡನೆಯ ದೊಡ್ಡ ಲಾಭ. ರಾಡಿಯಲ್ಲಿ ನಿಂತ ಬೈಕು ಒಂದೇ ಒದೆಗೆ ಏಳಬೇಕು. ಯೆಜ್ಡಿಯ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಆ ಹಳೆಯ ಜಾಣ್ಮೆಯನ್ನು ಉಳಿಸಿಕೊಳ್ಳಬೇಕು, ಅದರ ಸ್ಪ್ರಿಂಗ್ ಮಾತ್ರ ಹೊಸದು ಹಾಕಬೇಕು. ಓಟಕ್ಕೆಂದು ಫ್ಲೈವೀಲ್ ಕಡೆಸಿ ಹಗುರ ಮಾಡುವ ಚಟ ಕೆಲವರಿಗಿದೆ. ಎರಿ ಮಣ್ಣಿನಲ್ಲಿ ತೂಕದ ಫ್ಲೈವೀಲೇ ಕಾಯುತ್ತದೆ; ಹಗುರವಾದದ್ದು ಗಾಲಿಯನ್ನು ಗರಗರ ತಿರುಗಿಸಿ ಬೈಕನ್ನು ಇದ್ದಲ್ಲೇ ಹೂಳುತ್ತದೆ.

ಶಕ್ತಿ ಹೆಚ್ಚಿಸುವ ಜಾಗ ಸೈಲೆನ್ಸರ್. ಹೊಟ್ಟೆ ಉಬ್ಬಿದ, ಎರಡೂ ಕಡೆ ಕಿರಿದಾದ ‘ಎಕ್ಸ್‌ಪ್ಯಾನ್ಷನ್ ಚೇಂಬರ್’ ಅನ್ನು 1950ರ ದಶಕದಲ್ಲಿ ಹದಗೊಳಿಸಿದವನು ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋದಾಗ ಆ ವಿದ್ಯೆ ಅವನ ಜೊತೆ ಸುಝುಕಿಗೆ ಹೋಯಿತು. ಅದು ಕೆಲಸ ಮಾಡುವುದು ಹೀಗೆ: ಎಗ್ಸಾಸ್ಟ್ ಕಿಂಡಿ ತೆರೆದ ಕೂಡಲೇ ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತದೆ. ಅಗಲವಾಗುವ ಕೋನ್ ಒಂದು ಹೀರುವ ಅಲೆಯನ್ನು ಹಿಂದಕ್ಕೆ ಕಳಿಸಿ ಸಿಲಿಂಡರಿನ ಸುಟ್ಟ ಅನಿಲವನ್ನು ಸೆಳೆಯುತ್ತದೆ. ಕಿರಿದಾಗುವ ಕೋನ್ ದೂಡುವ ಅಲೆಯನ್ನು ಕಳಿಸಿ, ಕಿಂಡಿ ಮುಚ್ಚುವ ಮುನ್ನ ಹೊರಬೀಳುತ್ತಿದ್ದ ಹೊಸ ಪೆಟ್ರೋಲು ಹಬೆಯನ್ನು ಮರಳಿ ಒಳಗೆ ತುರುಕುತ್ತದೆ. ಎಲ್ಲವೂ ಸಮಯದ ಆಟ. 6,000 ಸುತ್ತಿನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಕಿಂಡಿ 160 ಡಿಗ್ರಿಯಷ್ಟು ಹೊತ್ತು ತೆರೆದಿದ್ದರೆ ಸಿಗುವುದು ಸುಮಾರು ನಾಲ್ಕೂವರೆ ಮಿಲಿಸೆಕೆಂಡ್. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಎಂದು ಹಿಡಿದರೆ ಹೋಗಿ ಬರುವ ದಾರಿ 2.2 ಮೀಟರ್, ಕೊಳವೆಯ ಉದ್ದ 1.1 ಮೀಟರಿನ ಆಸುಪಾಸು. ಚಿಕ್ಕ ಚೇಂಬರ್ ಹೆಚ್ಚು ಸುತ್ತಿನ ಎಂಜಿನ್ನಿಗೆ. ಯಮಾಹಾ ಆರ್‌ಎಕ್ಸ್ 100ರ ಪೈಪು ತಂದು ಯೆಜ್ಡಿಗೆ ಕಟ್ಟಿದವರಿಗೆ ಸಿಗುವುದು ಸದ್ದು ಮಾತ್ರ. ಯೆಜ್ಡಿಯದು ಎರಡು ಕಿಂಡಿ, ಎರಡು ಸೈಲೆನ್ಸರಿನ ಎಂಜಿನ್. ರೋಬೇರ್ ಗೆದ್ದ 1964ರ ಚೀಝಡ್ ಕೂಡ ಹಾಗೆಯೇ ಇತ್ತು. ಎರಡು ಕೊಳವೆಗಳನ್ನು ಮುಂದೆಯೇ ಕೂಡಿಸಿ ಒಂದೇ ಚೇಂಬರಿಗೆ ಬಿಡುವುದು ತೂಕದಲ್ಲಿ ಲಾಭ. ಒಂದು ಮಿಲಿಮೀಟರಿನ ತಗಡನ್ನು ಕೋನುಗಳಾಗಿ ಕತ್ತರಿಸಿ, ಸುತ್ತಿ, ಗ್ಯಾಸ್ ವೆಲ್ಡಿಂಗ್ ಮಾಡಿದರಾಯಿತು. ಅದು ಎಂಜಿನ್ನಿನ ಕೆಳಗೆ ಹೋಗದೆ ಸೀಟಿನ ಬದಿಗೆ ಮೇಲಕ್ಕೆ ಏರಬೇಕು.

ಆರ್‌ಎಕ್ಸ್ 100ರ ರೀಡ್ ವಾಲ್ವನ್ನು ಯೆಜ್ಡಿ ಬ್ಯಾರಲ್ಲಿಗೆ ಕೂರಿಸುವುದೂ ಸಾಧ್ಯ. ಕೆಳಗಿನ ಸುತ್ತಿನಲ್ಲಿ ಮಿಶ್ರಣ ಕಾರ್ಬೊರೇಟರಿಗೆ ಹಿಮ್ಮರಳುವುದು ಅದರಿಂದ ನಿಲ್ಲುತ್ತದೆ. ಆದರೆ ಬ್ಯಾರಲ್ ಕೊರೆದ ಮೇಲೆ ಹಿಂದಿರುಗುವ ದಾರಿಯಿಲ್ಲ. ಮೊದಲ ಬೈಕಿಗೆ ಅದು ಬೇಡ. ಅದಕ್ಕಿಂತ ಏರ್ ಫಿಲ್ಟರಿಗೆ ಹಣ ಹಾಕುವುದು ಲೇಸು. ಎಂಜಿನ್ ಎಳೆದುಕೊಳ್ಳುವ ಗಾಳಿ ಕ್ರ್ಯಾಂಕಿನ ಬೇರಿಂಗನ್ನು ಸವರಿಕೊಂಡೇ ಮೇಲೆ ಹೋಗುತ್ತದೆ. ತಂಗಡಗಿಯ ಏಪ್ರಿಲ್ ಧೂಳು ಒಳಹೊಕ್ಕರೆ ಹೊಸ ಬೇರಿಂಗು ತಿಂಗಳೂ ಬಾಳದು. ಎಣ್ಣೆಯಲ್ಲಿ ಅದ್ದಿ ಹಿಂಡಿದ ಸ್ಪಂಜಿನ ಫಿಲ್ಟರನ್ನು ಸೀಟಿನ ಕೆಳಗೆ ಎತ್ತರದಲ್ಲಿ ಪೆಟ್ಟಿಗೆ ಮಾಡಿ ಇಡಬೇಕು, ಪ್ರತಿ ಓಟದ ಬಳಿಕ ತೊಳೆಯಬೇಕು. ಹೊಸ ಮಿಕುನಿ ಕಾರ್ಬೊರೇಟರ್, ಎಥನಾಲಿಗೆ ತಕ್ಕಂತೆ ತುಸು ದೊಡ್ಡ ಜೆಟ್, ಲೀಟರಿಗೆ 30ರಿಂದ 40 ಮಿಲೀ ಟೂ-ಟಿ ಆಯಿಲ್. ಓಟದ ಬಳಿಕ ಪ್ಲಗ್ ಬಿಚ್ಚಿ ನೋಡಿದಾಗ ಚಹಾದ ಕಂದು ಬಣ್ಣ ಇದ್ದರೆ ಹದ ಸರಿಯಿದೆ. ಬೆಳ್ಳಗಿದ್ದರೆ ಕೂಡಲೇ ನಿಲ್ಲಿಸಬೇಕು.

ಕಡೆಗೆ ಸವಾರನ ಜಾಗ. ಮೋಟೊಕ್ರಾಸಿನಲ್ಲಿ ಕೂರುವುದಕ್ಕಿಂತ ನಿಲ್ಲುವುದೇ ಹೆಚ್ಚು. ಫುಟ್‌ರೆಸ್ಟು ಅಗಲವಾಗಿ, ಹಲ್ಲುಹಲ್ಲಾಗಿ, ಪೆಟ್ಟಿಗೆ ಮಡಚಿ ತಾನೇ ಮರಳುವಂತಿರಬೇಕು. ಅಗಲದ ಹ್ಯಾಂಡಲ್, ಚಪ್ಪಟೆ ಸೀಟು, ಚಿಕ್ಕ ಟ್ಯಾಂಕು. ಯೆಜ್ಡಿಯ ಟ್ಯಾಂಕಿನ ಆ ತುಂಬಿದ ದುಂಡು ಆಕಾರವನ್ನು ಬಿಡಲು ಮನಸ್ಸು ಬಾರದವರು ಅದನ್ನೇ ಉಳಿಸಿಕೊಂಡು ತೂಕ ಹೊರುತ್ತಾರೆ, ಅವರನ್ನು ದೂರುವಂತಿಲ್ಲ.

ಹೀಗೆ ಸಿದ್ಧವಾದ ಬೈಕು ಊರ ರಸ್ತೆಗೆ ಬರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ಸಿಗುವ ‘ವಿಎ’ ನೋಂದಣಿಯೂ ಮೂಲರೂಪ ಉಳಿದಿರುವುದಕ್ಕೆ ಮಾತ್ರ. ಚಾಸಿ, ಎಂಜಿನ್ ಗಣನೀಯವಾಗಿ ಬದಲಾದದ್ದು ಅದರಿಂದ ಹೊರಗೆ. ಸ್ವಂತ ಹೊಲ ಅಥವಾ ಅನುಮತಿ ಇರುವ ಟ್ರ್ಯಾಕೇ ಇದರ ಜಾಗ. ಅಲ್ಲಿಗೆ ಪಿಕಪ್ ವಾಹನದಲ್ಲಿ ಹೇರಿಕೊಂಡು ಹೋಗಬೇಕು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯನಾದ ಬೆಂಗಳೂರಿನ ಸಿ.ಎಸ್. ಸಂತೋಷ್ ಬೆಳೆದು ಬಂದದ್ದೂ ಇಂಥ ಮಣ್ಣಿನ ಸುತ್ತುಗಳಲ್ಲೇ. ಹೆಲ್ಮೆಟ್, ಕಣ್ಣಿನ ಕವಚ, ಮೊಣಕಾಲಿನ ಗಾರ್ಡು, ಗಟ್ಟಿ ಬೂಟು ಇಲ್ಲದೆ ಅಲ್ಲಿಗೆ ಇಳಿಯಬಾರದು.

ಇನ್ನೊಂದು ಮಾತು. ಕಳಚಿದ ಹೆಡ್‌ಲೈಟ್ ಡೂಮು, ಸೈಲೆನ್ಸರ್ ಜೋಡಿ, ಮೂಲ ಫೋರ್ಕು, ಮಡ್‌ಗಾರ್ಡು ಗುಜರಿಗೆ ಹೋಗದಿರಲಿ. ಗ್ರೀಸ್ ಸವರಿ, ಚೀಟಿ ಅಂಟಿಸಿ, ಗೋಣಿಚೀಲದಲ್ಲಿ ಕಟ್ಟಿಡಿ. ಆ ಭಾಗಗಳಿಗಾಗಿ ಊರೂರು ಅಲೆಯುತ್ತಿರುವ ಇನ್ನೊಬ್ಬ ಯೆಜ್ಡಿಯವನು ಎಲ್ಲೋ ಇದ್ದೇ ಇರುತ್ತಾನೆ.